ಹಳೆಯ ಕೇಸು, ಹೊಸ ಅರ್ಜಿ: ಟೆಕ್ಸಾಸ್‌ನಲ್ಲಿ ಪಿಸ್ತೂಲು ಲೈಸೆನ್ಸ್ ಕೇಳುವಾಗ ಏನನ್ನು ಹೇಳಲೇಬೇಕು?

ನಮ್ಮ ಮಾತಿನಲ್ಲಿ ‘ಕೇಸು’ ಅನ್ನುವ ಒಂದೇ ಪದ ಎಷ್ಟೊಂದು ಕೆಲಸ ಮಾಡುತ್ತದೆ ನೋಡಿ. ಪೊಲೀಸರು ಠಾಣೆಗೆ ಕರೆದೊಯ್ದು ಸಂಜೆಗೆ ಬಿಟ್ಟರೂ ‘ಕೇಸಾಯ್ತು’. ಎಫ್‌ಐಆರ್ ಹಾಕಿದರೂ ‘ಕೇಸಾಯ್ತು’. ಕೋರ್ಟಿಗೆ ಹೋಗಿ ದಂಡ ಕಟ್ಟಿ ಬಂದರೂ ಅದೇ ಮಾತು. ಕೊನೆಗೆ ಏನೋ ಒಂದಾಗಿ ಅಲೆದಾಟ ನಿಂತರೆ ‘ಕೇಸ್ ಮುಗೀತು’ ಅಂತ ನಿಟ್ಟುಸಿರು ಬಿಡುತ್ತೇವೆ. ಮುಗಿದದ್ದು ಖುಲಾಸೆಯಾಗಿಯೋ, ವಜಾ ಆಗಿಯೋ, ದಂಡ ಕಟ್ಟಿಯೋ ಅಂತ ಯಾರೂ ಬಿಡಿಸಿ ಕೇಳುವುದಿಲ್ಲ.

ಟೆಕ್ಸಾಸ್‌ನಲ್ಲಿ ಪಿಸ್ತೂಲು ಒಯ್ಯುವ ಲೈಸೆನ್ಸಿಗೆ ಅರ್ಜಿ ಹಾಕುವವರಿಗೆ ಮುಳುವಾಗುವುದು ಇದೇ ಅಭ್ಯಾಸ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಾತ್ರ ಅಲ್ಲ, ಅಲ್ಲೇ ಹುಟ್ಟಿ ಬೆಳೆದವರಿಗೂ ಹೀಗೇ ಆಗುತ್ತದೆ.

ಒಂದು ಸಂದರ್ಭ ಊಹಿಸಿಕೊಳ್ಳಿ. ಆಸ್ಟಿನ್ ಊರಿನ ಒಂದು ಮನೆ. ಊಟ ಆಗಿದೆ, ಮಕ್ಕಳು ಮಲಗಿದ್ದಾರೆ. 38 ವರ್ಷದ ಒಬ್ಬಾತ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಜಿ ತುಂಬುತ್ತಿದ್ದಾನೆ. ಹೆಸರು, ವಿಳಾಸ, ಎತ್ತರ, ತೂಕ, ಕಣ್ಣಿನ ಬಣ್ಣ ಎಲ್ಲ ಸಲೀಸಾಗಿ ಆಯಿತು. ಹಿಂದಿನ ಬಂಧನಗಳ ವಿವರ ಕೇಳುವ ಜಾಗಕ್ಕೆ ಬಂದಾಗ ಕೈ ನಿಂತುಬಿಟ್ಟಿತು. ಕಾಲೇಜಿನ ದಿನಗಳಲ್ಲಿ ಒಂದು ರಾತ್ರಿ ಬಾರಿನ ಹೊರಗೆ ಜಗಳ ಆಗಿತ್ತು. ಪೊಲೀಸರು ಹಿಡಿದಿದ್ದರು. ಬೆರಳಚ್ಚು ತೆಗೆದುಕೊಂಡಿದ್ದರು. ಒಂದು ವರ್ಷ ಕೋರ್ಟಿನ ನಿಗಾದಲ್ಲಿದ್ದು ಮುಗಿಸಿದ್ದ. ‘ಇನ್ನು ಇದು ನಿನ್ನ ಮೇಲೆ ಶಿಕ್ಷೆ ಅಂತ ಇರಲ್ಲ’ ಅಂದಿದ್ದರು ವಕೀಲರು. ಅದಾಗಿ 16 ವರ್ಷ. ಹೆಂಡತಿಗೂ ಹೇಳಿಲ್ಲ. ‘ಇಲ್ಲ’ ಅಂತ ಒತ್ತಿದರೆ ಮುಗೀತು ಅಲ್ವಾ?

ಇಲ್ಲ. ಇಲ್ಲಿ ಲೆಕ್ಕ ತಲೆಕೆಳಗು. ನಡೆದದ್ದನ್ನು ನಡೆದ ಹಾಗೆ ಬರೆದರೆ ಇವನಿಗೆ ಲೈಸೆನ್ಸ್ ಸಿಗಲು ಆ ಹಳೆಯ ಕೇಸು ಅಡ್ಡ ಬರುವುದಿಲ್ಲ, ಅದರ ಕಾಲ ಮುಗಿದಿದೆ. ‘ಇಲ್ಲ’ ಅಂತ ಒತ್ತಿದರೆ ಅಡ್ಡ ಬರುವುದು ಆ ಹೊಸ ಸುಳ್ಳು. ಟೆಕ್ಸಾಸ್ ಕಾನೂನು ಹಳೆಯ ತಪ್ಪುಗಳಲ್ಲಿ ಅನೇಕವನ್ನು ವರ್ಷ ಕಳೆದ ಮೇಲೆ ಬಿಟ್ಟುಬಿಡುತ್ತದೆ. ಅರ್ಜಿಯಲ್ಲಿ ಮುಚ್ಚಿಟ್ಟದ್ದನ್ನು ಹಾಗೆ ಬಿಡುವುದಿಲ್ಲ. ಇದನ್ನು ಎಲ್ಲರೂ ಅರ್ಥ ಮಾಡಿಕೊಳ್ಳಬೇಕು ಅನ್ನುವುದು ನನ್ನ ಆಸೆ. ಯಾಕೆಂದರೆ ಹೀಗೆ ಲೈಸೆನ್ಸ್ ಕಳೆದುಕೊಳ್ಳುವವರಲ್ಲಿ ಕೆಟ್ಟವರಿಗಿಂತ ನಾಚಿಕೆಯವರೇ ಜಾಸ್ತಿ ಇರುತ್ತಾರೆ ಅಂತ ನನಗೆ ಅನಿಸುತ್ತದೆ.

ಈ ಲೈಸೆನ್ಸ್ ಬಂದದ್ದು ಹೇಗೆ ಅಂತ ಚುಟುಕಾಗಿ ಹೇಳುತ್ತೇನೆ. 1991ರ ಅಕ್ಟೋಬರ್ 16ರಂದು ಟೆಕ್ಸಾಸ್‌ನ ಕಿಲೀನ್ ಊರಿನ ಲೂಬೀಸ್ ಹೋಟೆಲಿಗೆ ಒಬ್ಬ ಟ್ರಕ್ ನುಗ್ಗಿಸಿ 23 ಮಂದಿಯನ್ನು ಗುಂಡಿಟ್ಟು ಕೊಂದ. ಅಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಸುಜಾನಾ ಹಪ್, ಕಾನೂನಿಗೆ ಹೆದರಿ ತಮ್ಮ ಪಿಸ್ತೂಲನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು. ಆಮೇಲೆ ಆ ಮಾತನ್ನು ಊರೂರಿಗೆ ಹೋಗಿ ಹೇಳಿದರು. 1995ರಲ್ಲಿ ಗವರ್ನರ್ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದ ಕಾನೂನು 1996ರಿಂದ ಜಾರಿಗೆ ಬಂತು. ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಲೈಸೆನ್ಸ್ ಕೊಡುವ ವ್ಯವಸ್ಥೆ ಅದು. 2016ರ ಜನವರಿಯಿಂದ ಸೊಂಟಪಟ್ಟಿಯ ಚೀಲದಲ್ಲಿ ಕಾಣುವಂತೆ ಒಯ್ಯಲೂ ಅದೇ ಲೈಸೆನ್ಸ್ ಸಾಕಾಯಿತು. 2021ರ ಸೆಪ್ಟೆಂಬರ್ 1ರಿಂದ ಇನ್ನೂ ದೊಡ್ಡ ಬದಲಾವಣೆ. ಕಾನೂನಿನ ತಡೆ ಇಲ್ಲದ, 21 ದಾಟಿದ ಯಾರೇ ಆಗಲಿ, ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು.

ಹಾಗಾದರೆ ಈಗಲೂ ಲೈಸೆನ್ಸ್ ಯಾಕೆ? ಕಾರಣಗಳಿವೆ. ಟೆಕ್ಸಾಸ್ ಲೈಸೆನ್ಸನ್ನು ಒಪ್ಪುವ ಬೇರೆ ರಾಜ್ಯಗಳಿಗೆ ಹೋಗುವಾಗ ಅದು ಬೇಕು. ಶಾಲೆಯ ಸುತ್ತ 1,000 ಅಡಿಯೊಳಗೆ ಬಂದೂಕು ಒಯ್ಯಬಾರದು ಅನ್ನುವ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿನಲ್ಲಿ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ಹಿನ್ನೆಲೆ ತಪಾಸಣೆಗೆ ಕಾಯುವ ಕೆಲಸವೂ ತಪ್ಪುತ್ತದೆ. ಶುಲ್ಕ ಮೊದಲು 140 ಡಾಲರ್ ಇತ್ತು, 2017ರಲ್ಲಿ 40ಕ್ಕೆ ಇಳಿಯಿತು. ತರಗತಿಯಲ್ಲಿ ಕೂರಬೇಕು, ಬೆರಳಚ್ಚು ಕೊಡಬೇಕು, ಗುರಿ ಪರೀಕ್ಷೆಯಲ್ಲಿ 50 ಗುಂಡು ಹಾರಿಸಿ 250ರಲ್ಲಿ 175 ಅಂಕ ತೆಗೆಯಬೇಕು. ಇವೆಲ್ಲ ಕಷ್ಟದ ಕೆಲಸ ಅಲ್ಲ. ಕಷ್ಟ ಇರುವುದು ಆ ಒಂದು ಪ್ರಶ್ನೆಯಲ್ಲಿ.

ಒಂದೇ ಘಟನೆ, ಬೇರೆ ಬೇರೆ ಪ್ರಶ್ನೆ

ಲೈಸೆನ್ಸ್ ಕೊಡುವುದು ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆ. ಎಲ್ಲರೂ ಡಿಪಿಎಸ್ ಅನ್ನುತ್ತಾರೆ. ಅರ್ಜಿಯಲ್ಲಿ ಏನೇನು ಇರಬೇಕು ಅಂತ ಕಾನೂನೇ ಹೇಳಿದೆ. ಯಾವ ಯಾವ ಅಪರಾಧಕ್ಕೆ ನಿಮ್ಮನ್ನು ಬಂಧಿಸಿದ್ದರು, ಯಾವುದರಲ್ಲಿ ಆರೋಪ ಹೊರಿಸಿದ್ದರು, ಪ್ರತಿಯೊಂದೂ ಕೊನೆಗೆ ಏನಾಯಿತು. ಈ ಮೂರನ್ನೂ ಬರೆಯಬೇಕು. ಬಂಧನ ಒಂದು, ಆರೋಪ ಇನ್ನೊಂದು, ಶಿಕ್ಷೆ ಮತ್ತೊಂದು. ನಾವು ‘ಕೇಸು’ ಅಂತ ಒಂದೇ ಚೀಲಕ್ಕೆ ತುಂಬಿದ್ದನ್ನು ಅಲ್ಲಿ ಬೇರೆ ಬೇರೆಯಾಗಿ ತೆಗೆದು ಇಡಬೇಕು.

ಬಂಧನ ಆಗಿದ್ದ ಮಾತ್ರಕ್ಕೆ ಲೈಸೆನ್ಸ್ ತಪ್ಪುವುದಿಲ್ಲ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಲೈಸೆನ್ಸ್ ತಪ್ಪಿಸುವ ಕಾರಣಗಳ ಪಟ್ಟಿ ಬೇರೆಯೇ ಇದೆ. ಫೆಲನಿ, ಅಂದರೆ ದೊಡ್ಡ ಅಪರಾಧದಲ್ಲಿ ಶಿಕ್ಷೆ ಆಗಿದ್ದರೆ ಇಲ್ಲ. ಅದಕ್ಕಿಂತ ಸಣ್ಣದಾದ ಎ ಅಥವಾ ಬಿ ದರ್ಜೆಯ ಅಪರಾಧದಲ್ಲಿ ಕಳೆದ 5 ವರ್ಷದೊಳಗೆ ಶಿಕ್ಷೆ ಆಗಿದ್ದರೆ ಇಲ್ಲ. ಅಂಥ ಆರೋಪ ಈಗ ಕೋರ್ಟಿನಲ್ಲಿ ಬಾಕಿ ಇದ್ದರೂ ಇಲ್ಲ. ಕುಡಿತ ಅಥವಾ ಮಾದಕ ವಸ್ತುವಿನ ಬಿ ದರ್ಜೆ ಅಥವಾ ಅದಕ್ಕೂ ಮೇಲಿನ ಅಪರಾಧದಲ್ಲಿ 10 ವರ್ಷದೊಳಗೆ ಎರಡು ಸಲ ಶಿಕ್ಷೆಯಾದರೆ ಆ ವ್ಯಕ್ತಿಯನ್ನು ಚಟಕ್ಕೆ ಬಿದ್ದವನು ಅಂತಲೇ ಪರಿಗಣಿಸಿ ನಿರಾಕರಿಸುತ್ತಾರೆ. ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ಅದು ಸಾಮಾನ್ಯವಾಗಿ ಬಿ ದರ್ಜೆ. ಹಾಗಾಗಿ 5 ವರ್ಷ ಕಾಯಲೇಬೇಕು.

ಪಟ್ಟಿಯಲ್ಲಿ ಒಂದು ಸಣ್ಣ ಮುಳ್ಳು ಕೂತಿದೆ. ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡಿದ್ದಕ್ಕೆ ಹಾಕುವ ‘ಡಿಸಾರ್ಡರ್ಲಿ ಕಂಡಕ್ಟ್’ ಕೇಸು. ಅದು ಬಹಳ ಸಲ ಸಿ ದರ್ಜೆ, ಜೈಲಿಲ್ಲ, 500 ಡಾಲರ್ ಒಳಗಿನ ದಂಡ ಅಷ್ಟೇ. ನಮ್ಮ ಕಡೆ ಪೆಟಿ ಕೇಸಿಗೆ ದಂಡ ಕಟ್ಟಿ ಮರೆತುಬಿಡುತ್ತಾರಲ್ಲ, ಹಾಗೆ ಅಲ್ಲಿಯೂ ನಗರದ ಕೋರ್ಟಿನ ಕಿಟಕಿಯಲ್ಲಿ ದುಡ್ಡು ಕಟ್ಟಿ, ರಸೀದಿ ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಟ್ರಾಫಿಕ್ ದಂಡ ಕಟ್ಟಿದ ಹಾಗೆ. ಆದರೆ ಲೈಸೆನ್ಸ್ ಕಾನೂನು ಈ ಅಪರಾಧವನ್ನು ಹೆಸರು ಹಿಡಿದು ಕರೆದು, ಎ ಮತ್ತು ಬಿ ದರ್ಜೆಯ ಪಕ್ಕದಲ್ಲೇ ಕೂರಿಸಿದೆ. ಅದಕ್ಕೂ 5 ವರ್ಷ. ರಸೀದಿ ಕಳೆದುಹೋಗಿರುತ್ತದೆ, ಘಟನೆಯೇ ಮರೆತುಹೋಗಿರುತ್ತದೆ, ಕೋರ್ಟಿನ ದಾಖಲೆ ಮಾತ್ರ ಅಲ್ಲೇ ಇರುತ್ತದೆ.

ಇನ್ನು ಎಲ್ಲಕ್ಕಿಂತ ದೊಡ್ಡ ಗೊಂದಲ. ನಮ್ಮ ಊಟದ ಮೇಜಿನ ಮನುಷ್ಯ ಸಿಕ್ಕಿಹಾಕಿಕೊಂಡದ್ದು ಇದರಲ್ಲೇ. ಟೆಕ್ಸಾಸ್ ಕೋರ್ಟುಗಳಲ್ಲಿ ‘ಡಿಫರ್ಡ್ ಅಡ್ಜುಡಿಕೇಶನ್’ ಅನ್ನುವ ಒಂದು ದಾರಿ ಇದೆ. ಆರೋಪಿ ತಪ್ಪೊಪ್ಪಿಕೊಳ್ಳುತ್ತಾನೆ, ಇಲ್ಲವೇ ನಾನು ವಾದಿಸುವುದಿಲ್ಲ ಅನ್ನುತ್ತಾನೆ. ನ್ಯಾಯಾಧೀಶರು ‘ನೀನು ಅಪರಾಧಿ’ ಅಂತ ತೀರ್ಪು ಕೊಡುವುದಿಲ್ಲ. ತೀರ್ಪನ್ನು ಬಾಕಿ ಇಟ್ಟು ಕೆಲವು ತಿಂಗಳು ಅಥವಾ ವರ್ಷ ನಿಗಾದಲ್ಲಿ ಇಡುತ್ತಾರೆ. ಷರತ್ತುಗಳನ್ನು ಪಾಲಿಸಿ ಮುಗಿಸಿದರೆ ಕೇಸು ವಜಾ. ಆಗ ವಕೀಲರು ಹೇಳುವ ‘ನಿನಗೆ ಶಿಕ್ಷೆ ಆಗಿಲ್ಲ’ ಅನ್ನುವ ಮಾತು ಸುಳ್ಳಲ್ಲ. ಕೆಲಸದ ಅರ್ಜಿಯಲ್ಲಿ, ಇನ್ನೂ ಹಲವು ಕಡೆ ಅದು ನಿಜವೇ.

ಆದರೆ ಪಿಸ್ತೂಲು ಲೈಸೆನ್ಸಿನ ಕಾನೂನು ‘ಶಿಕ್ಷೆ’ ಅನ್ನುವ ಪದಕ್ಕೆ ತನ್ನದೇ ಅರ್ಥ ಕೊಟ್ಟುಕೊಂಡಿದೆ. ಡಿಫರ್ಡ್ ಆದೇಶ ಬಂದಿದ್ದರೆ ಅದೂ ಶಿಕ್ಷೆಯೇ ಅಂತ ಅದು ಹೇಳುತ್ತದೆ. ನಿಗಾ ಮುಗಿದು ಕೇಸು ವಜಾ ಆಗಿದ್ದರೂ ಅಷ್ಟೇ. ಹಿಂಸೆ ಇಲ್ಲದ ಕೆಲವು ಫೆಲನಿಗಳಲ್ಲಿ ಡಿಫರ್ಡ್ ಆಗಿ 10 ವರ್ಷ ದಾಟಿದ್ದರೆ ಅದನ್ನು ಶಿಕ್ಷೆ ಅಂತ ಎಣಿಸುವುದಿಲ್ಲ, ಆ ಒಂದು ರಿಯಾಯಿತಿ ಉಂಟು. ಅಂದರೆ ಮೂರು ವರ್ಷದ ಹಿಂದೆ ಎ ದರ್ಜೆಯ ಕೇಸಿನಲ್ಲಿ ಡಿಫರ್ಡ್ ಆದವನು ಸ್ನೇಹಿತರ ಮುಂದೆ ‘ನನಗೆ ಶಿಕ್ಷೆ ಆಗಿಲ್ಲ’ ಅಂತ ಪ್ರಾಮಾಣಿಕವಾಗಿ ಹೇಳಬಹುದು. ಅದೇ ಮಾತನ್ನು ಈ ಅರ್ಜಿಯಲ್ಲಿ ಹೇಳಿದರೆ ತಪ್ಪು ಹೇಳಿಕೆ ಆಗುತ್ತದೆ. ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ತುಂಬುವ ಫೆಡರಲ್ ನಮೂನೆಗೆ ಉತ್ತರ ಮತ್ತೆ ಬೇರೆ ಇರಬಹುದು, ಯಾಕೆಂದರೆ ಅಲ್ಲಿ ಶಿಕ್ಷೆ ಅಂದರೇನು ಅನ್ನುವುದಕ್ಕೆ ಸಾಮಾನ್ಯವಾಗಿ ಆಯಾ ರಾಜ್ಯದ ಕ್ರಿಮಿನಲ್ ಕಾನೂನನ್ನು ನೋಡುತ್ತಾರೆ. ಒಂದೇ ರಾತ್ರಿಯ ಒಂದೇ ಜಗಳ. ಎರಡು ಕಾಗದದಲ್ಲಿ ಎರಡು ಉತ್ತರ, ಎರಡೂ ಸರಿ.

ಇಲ್ಲಿ ನನಗೊಂದು ತಕರಾರಿದೆ. ಅರ್ಜಿದಾರ ‘ಲೈಸೆನ್ಸಿಗೆ ಬೇಕಾದ ಎಲ್ಲ ಅರ್ಹತೆಯೂ ನನಗಿದೆ’ ಅಂತ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಆ ಸಹಿಗೆ ಅರ್ಥ ಬರಬೇಕಾದರೆ ‘ಶಿಕ್ಷೆ’ ಅನ್ನುವ ಪದದ ಈ ವಿಶೇಷ ಅರ್ಥ ಅವನಿಗೆ ಗೊತ್ತಿರಬೇಕು. ವಕೀಲರಿಗೇ ಎರಡು ಸಲ ಓದಬೇಕಾದ ವ್ಯಾಖ್ಯೆ ಅದು. ಸಾಮಾನ್ಯ ಜನರಿಂದ ಪೂರ್ತಿ ಸತ್ಯ ಕೇಳುವ ಸರ್ಕಾರ, ಪ್ರಶ್ನೆಯನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ, ಪ್ರಶ್ನೆ ಇರುವ ಪುಟದಲ್ಲೇ ವಿವರಿಸಬೇಕು. ಇದು ದೊಡ್ಡ ಬೇಡಿಕೆ ಏನಲ್ಲ.

ಅಳಿಸಿದ ದಾಖಲೆ, ಮುಚ್ಚಿದ ದಾಖಲೆ

‘ಕೇಸ್ ವಜಾ ಆಯ್ತಲ್ಲ, ದಾಖಲೆಯೂ ಹೋಯ್ತು ಬಿಡಿ.’ ಈ ಮಾತನ್ನು ಎಷ್ಟು ಜನ ನಂಬಿಕೊಂಡಿರುತ್ತಾರೆ ಅಂದರೆ, ಇದೊಂದನ್ನು ತಿದ್ದಿದರೆ ಅರ್ಧ ತೊಂದರೆ ತಪ್ಪುತ್ತದೆ. ಕೇಸು ವಜಾ ಆದರೂ ಬಂಧನದ ದಾಖಲೆ ತಾನಾಗಿ ಅಳಿಯುವುದಿಲ್ಲ. ಆ ದಿನ ಠಾಣೆಯಲ್ಲಿ ಒತ್ತಿದ ಬೆರಳಚ್ಚು ರಾಜ್ಯದ ಕಡತದಲ್ಲೂ ಎಫ್‌ಬಿಐ ಕಡತದಲ್ಲೂ ಕೂತಿರುತ್ತದೆ. ಲೈಸೆನ್ಸಿಗೆ ಅಂತ ಹೊಸದಾಗಿ ಬೆರಳಿಟ್ಟ ಕೂಡಲೇ ಹಳೆಯದು ಎದ್ದು ಬರುತ್ತದೆ. ಹೆಸರಿನ ಕಾಗುಣಿತ ಬದಲಾಗಿದ್ದರೂ, ಊರು ಬದಲಾಗಿದ್ದರೂ ಬೆರಳು ಬದಲಾಗುವುದಿಲ್ಲವಲ್ಲ.

ದಾಖಲೆ ಹೋಗಬೇಕಾದರೆ ಕೋರ್ಟಿನಿಂದ ಬೇರೆ ಆದೇಶ ತರಬೇಕು. ಅದರಲ್ಲಿ ಎರಡು ಬಗೆ. ಮೊದಲನೆಯದು ‘ಎಕ್ಸ್‌ಪಂಕ್ಷನ್’, ಪೂರ್ತಿ ಅಳಿಸಿಹಾಕುವುದು. ಖುಲಾಸೆ ಆದವರಿಗೆ, ಕ್ಷಮಾದಾನ ಸಿಕ್ಕವರಿಗೆ, ವಜಾ ಆದ ಕೆಲವು ಕೇಸುಗಳಿಗೆ ಇದು ಸಿಗುತ್ತದೆ. ಸಿಕ್ಕರೆ, ಆ ಬಂಧನ ನಡೆದೇ ಇಲ್ಲ ಅಂತ ಹೇಳುವ ಹಕ್ಕನ್ನೇ ಟೆಕ್ಸಾಸ್ ಕಾನೂನು ಕೊಡುತ್ತದೆ. ಲೈಸೆನ್ಸ್ ಕಾನೂನೂ ಅಳಿಸಿದ ಶಿಕ್ಷೆಯನ್ನು ಶಿಕ್ಷೆ ಅಂತ ಎಣಿಸುವುದಿಲ್ಲ.

ಎರಡನೆಯದು ‘ನಾನ್‌ಡಿಸ್‌ಕ್ಲೋಷರ್’, ಮುಚ್ಚಿಡುವುದು. ಎ, ಬಿ ದರ್ಜೆಯ ಡಿಫರ್ಡ್ ಕೇಸು ಮುಗಿಸಿದವರಿಗೆ ಸಾಮಾನ್ಯವಾಗಿ ಸಿಗುವುದು ಇದೇ. ಕೆಲಸ ಕೊಡುವವರಿಗೆ, ಮನೆ ಬಾಡಿಗೆ ಕೊಡುವವರಿಗೆ ಆ ದಾಖಲೆ ಕಾಣಿಸುವುದಿಲ್ಲ. ಪೊಲೀಸ್ ಮತ್ತು ನ್ಯಾಯ ವ್ಯವಸ್ಥೆಯ ಸಂಸ್ಥೆಗಳಿಗೆ ಕಾಣಿಸುತ್ತದೆ. ಡಿಪಿಎಸ್ ಅಂದರೆ ಆ ಕಡತಗಳನ್ನೇ ಇಟ್ಟುಕೊಂಡಿರುವ ಇಲಾಖೆ. ಹೀಗೆ ಮುಚ್ಚಿದ ಪ್ರಕರಣವನ್ನು ಲೈಸೆನ್ಸ್ ಅರ್ಜಿಗಳಲ್ಲಿ ಹೇಳಬೇಕಾಗಿಲ್ಲ ಅನ್ನುವ ಮಾತೂ ಟೆಕ್ಸಾಸ್ ಕಾನೂನಿನಲ್ಲಿದೆ. ಆದರೂ ಈ ಆದೇಶ ಕೈಯಲ್ಲಿದೆ ಅಂತ ಅಂದಾಜಿನ ಮೇಲೆ ‘ಇಲ್ಲ’ ಬರೆಯಬೇಡಿ. ಆದೇಶದ ಪ್ರತಿ ತೆಗೆದುಕೊಂಡು ಹೋಗಿ ಬಂದೂಕು ಕಾನೂನು ಗೊತ್ತಿರುವ ವಕೀಲರ ಮುಂದೆ ಇಡಿ. ಯಾವುದು ಅಳಿಸಿದ್ದು, ಯಾವುದು ಬರೀ ಮುಚ್ಚಿದ್ದು ಅನ್ನುವುದು ಆ ಕಾಗದದ ಮೇಲೇ ಇರುತ್ತದೆ. ನೆನಪಿನ ಮೇಲೆ ಹೇಳುವ ವಿಷಯ ಇದಲ್ಲ.

ರಾಜ್ಯ ಬದಲಾದರೆ ನಿಯಮವೂ ಬದಲು. ನ್ಯೂಯಾರ್ಕ್‌ನಲ್ಲಿ ಆರೋಪಿಯ ಪರವಾಗಿ ಮುಗಿದ ಕೇಸುಗಳನ್ನು ಮುಚ್ಚಿಡುವ ಒಳ್ಳೆಯ ಕಾನೂನಿದೆ. ಅವುಗಳ ಬಗ್ಗೆ ಯಾರೂ ಕೇಳಬಾರದು ಅಂತಲೂ ಇದೆ. ಆದರೆ ಬಂದೂಕು ಲೈಸೆನ್ಸನ್ನು ಅದೇ ಕಾನೂನು ಹೊರಗಿಟ್ಟಿದೆ. ಹಾಗಾಗಿ ಅಲ್ಲಿ ಮುಚ್ಚಿದ ಬಂಧನದ ಬಗ್ಗೆಯೂ ಕೇಳಬಹುದು, ಉತ್ತರ ಕೊಡಬೇಕು. 2022ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬ್ರೂಯೆನ್ ತೀರ್ಪಿನಲ್ಲಿ ನ್ಯೂಯಾರ್ಕ್‌ನ ಹಳೆಯ ನಿಯಮವನ್ನು ರದ್ದು ಮಾಡಿತು. ‘ವಿಶೇಷ ಕಾರಣ ತೋರಿಸಿದರೆ ಮಾತ್ರ ಲೈಸೆನ್ಸ್’ ಅನ್ನುವುದು ಹೋಯಿತು. ಆದರೆ ಆಮೇಲೆ ಬಂದ ಹೊಸ ಕಾನೂನಿನಲ್ಲೂ ‘ಒಳ್ಳೆಯ ನಡತೆ’ಯ ಷರತ್ತು ಇದೆ. ಟೆಕ್ಸಾಸ್‌ನಲ್ಲಿ ಅಧಿಕಾರಿ ಪಟ್ಟಿ ನೋಡಿ ಹೌದು ಅಥವಾ ಇಲ್ಲ ಅನ್ನುತ್ತಾನೆ. ನಡತೆಯನ್ನು ಅಳೆಯುವ ಕಡೆ ಒಂದು ಹಳೆಯ ಬಂಧನ ಅಧಿಕಾರಿಯ ಮನಸ್ಸಿನಲ್ಲಿ ಎಷ್ಟು ತೂಗುತ್ತದೋ! ಅಪರಾಧ ಸಾಬೀತಾಗದವನ ಬಂಧನವನ್ನು ಹೀಗೆ ತೂಕಕ್ಕೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕೇಳುವುದು ಬೇರೆ, ಅದನ್ನೇ ಹಿಡಿದು ತಳ್ಳುವುದು ಬೇರೆ.

ಕಂಪ್ಯೂಟರ್ ಇರುವಾಗ ನಮ್ಮನ್ನೇ ಯಾಕೆ ಕೇಳಬೇಕು?

ನ್ಯಾಯವಾದ ಪ್ರಶ್ನೆ. ಬೆರಳಚ್ಚು ಕೊಟ್ಟ ಮೇಲೆ ಎಲ್ಲ ಗೊತ್ತಾಗುತ್ತದಲ್ಲ? ಗೊತ್ತಾಗುವುದಿಲ್ಲ, ಅಲ್ಲೇ ಇರುವುದು ಸಂಕಟ. ಅಮೆರಿಕದ ಅಪರಾಧ ದಾಖಲೆಗಳಲ್ಲಿ ತೂತುಗಳು ತುಂಬ. ಬಂಧನ ದಾಖಲಾಗಿರುತ್ತದೆ, ಕೊನೆಗೆ ಏನಾಯಿತು ಅನ್ನುವುದು ಬಂದೇ ಇರುವುದಿಲ್ಲ. ಕೆಲವೊಮ್ಮೆ ಶಿಕ್ಷೆಯೇ ದಾಖಲಾಗಿರುವುದಿಲ್ಲ.

ಅದರ ಬೆಲೆ ಎಷ್ಟು ಅಂತ ಟೆಕ್ಸಾಸ್‌ಗೆ ಚೆನ್ನಾಗಿ ಗೊತ್ತು. 2017ರ ನವೆಂಬರ್ 5, ಭಾನುವಾರ. ಸದರ್ಲ್ಯಾಂಡ್ ಸ್ಪ್ರಿಂಗ್ಸ್ ಅನ್ನುವ ಸಣ್ಣ ಊರಿನ ಚರ್ಚ್‌ನಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಒಬ್ಬ ನುಗ್ಗಿ ಗುಂಡು ಹಾರಿಸಿದ. ಗರ್ಭದಲ್ಲಿದ್ದ ಮಗುವೂ ಸೇರಿ 26 ಜೀವ ಹೋಯಿತು. ಅವನು ವಾಯುಪಡೆಯಲ್ಲಿದ್ದಾಗ ಹೆಂಡತಿಯನ್ನೂ ಪುಟ್ಟ ಮಲಮಗನನ್ನೂ ಹೊಡೆದದ್ದಕ್ಕೆ 2012ರಲ್ಲಿ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆ ಆಗಿತ್ತು. ಕಾನೂನಿನ ಪ್ರಕಾರ ಅವನು ಬಂದೂಕು ಮುಟ್ಟುವಂತೆಯೇ ಇರಲಿಲ್ಲ. ಆದರೆ ವಾಯುಪಡೆ ಆ ಶಿಕ್ಷೆಯ ಮಾಹಿತಿಯನ್ನು ಎಫ್‌ಬಿಐಗೆ ಕಳಿಸಿರಲಿಲ್ಲ. ಅಂಗಡಿಯ ನಮೂನೆಯಲ್ಲಿ ಅಡ್ಡಿಯಾಗುವ ಅಪರಾಧ ಏನೂ ಇಲ್ಲ ಅಂತ ಅವನು ಗುರುತು ಹಾಕಿದ. ಕಂಪ್ಯೂಟರ್ ಸಹ ಇಲ್ಲ ಅಂದಿತು. ಬಂದೂಕು ಕೈಗೆ ಬಂತು. ಅವನು ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಕೇಳಿದಾಗ ರಾಜ್ಯ ಕೊಟ್ಟಿರಲಿಲ್ಲ ಅಂತ ಗವರ್ನರ್ ಗ್ರೆಗ್ ಅಬಟ್ ಆಮೇಲೆ ಹೇಳಿದರು. 2021ರಲ್ಲಿ ಫೆಡರಲ್ ನ್ಯಾಯಾಧೀಶರು ಈ ಸಾವುಗಳಿಗೆ ಫೆಡರಲ್ ಸರ್ಕಾರ ಶೇಕಡಾ 60ರಷ್ಟು ಹೊಣೆ ಅಂತ ತೀರ್ಪು ಕೊಟ್ಟರು. ಆ ಚರ್ಚ್ ನೆನಪಾದಾಗಲೆಲ್ಲ ಈ ಪ್ರಶ್ನೆ ಸುಮ್ನೆ ಕಾಟ ಕೊಡಲು ಇಟ್ಟದ್ದಲ್ಲ ಅಂತ ನನಗೆ ಮನವರಿಕೆ ಆಗುತ್ತದೆ. ದಾಖಲೆಯಲ್ಲಿ ತೂತಿದ್ದ ಕಡೆ ಉಳಿಯುವುದು ಮನುಷ್ಯನ ಮಾತು ಒಂದೇ.

ಸುಳ್ಳು ಹೇಳಿದವರಿಗೆಲ್ಲ ಶಿಕ್ಷೆ ಆಗುತ್ತದೆ ಅಂತ ಹೇಳಲಾರೆ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯ 2018ರ ವರದಿಯ ಪ್ರಕಾರ, 2017ರ ಹಣಕಾಸು ವರ್ಷದಲ್ಲಿ ಹಿನ್ನೆಲೆ ತಪಾಸಣೆಯಲ್ಲಿ ಸುಮಾರು 1,12,000 ಖರೀದಿಗಳಿಗೆ ತಡೆ ಬಿತ್ತು. ತನಿಖೆಗೆ ಹೋದವು 12,710. ಆ ವರದಿಯ ಹೊತ್ತಿಗೆ ಫೆಡರಲ್ ವಕೀಲರು ಮೊಕದ್ದಮೆ ಹೂಡಿದ್ದು ಕೇವಲ 12. ಇದನ್ನು ನೋಡಿ ಧೈರ್ಯ ತಂದುಕೊಳ್ಳುವವರು ಇನ್ನೊಂದು ಹೆಸರನ್ನೂ ನೆನಪಿಡಬೇಕು. 2018ರ ಅಕ್ಟೋಬರ್ 12ರಂದು ಡೆಲವೇರ್‌ನ ಅಂಗಡಿಯಲ್ಲಿ, ಮುಂದೆ ಅಧ್ಯಕ್ಷರಾದ ಜೋ ಬೈಡನ್ ಅವರ ಮಗ ಹಂಟರ್ ಬೈಡನ್ ಒಂದು ರಿವಾಲ್ವರ್ ಕೊಂಡರು. ಮಾದಕ ವಸ್ತು ಬಳಸುತ್ತೀರಾ ಅನ್ನುವ ಪ್ರಶ್ನೆಗೆ ಇಲ್ಲ ಅಂದರು. ರಿವಾಲ್ವರ್ ಅವರ ಬಳಿ ಇದ್ದದ್ದು 11 ದಿನ. ಯಾರಿಗೂ ಗುಂಡು ಹಾರಿಸಲಿಲ್ಲ. 2024ರ ಜೂನ್ 11ರಂದು ಮೂರು ಆರೋಪಗಳಲ್ಲೂ ತಪ್ಪಿತಸ್ಥ ಅಂತ ಜ್ಯೂರಿ ಹೇಳಿತು. ಅದೇ ಡಿಸೆಂಬರ್‌ನಲ್ಲಿ ತಂದೆಯೇ ಕ್ಷಮಾದಾನ ಕೊಟ್ಟದ್ದರಿಂದ ಪಾರಾದರು. ಅಧ್ಯಕ್ಷರ ಮಗ ಅಲ್ಲದವರಿಗೆ ಆ ದಾರಿ ಇಲ್ಲ.

‘ನಿಜ ಹೇಳಿದ್ದರೂ ನನಗೆ ಸಿಗುತ್ತಿತ್ತು, ಹಾಗಾಗಿ ಸುಳ್ಳಿನಿಂದ ಯಾರಿಗೂ ನಷ್ಟ ಆಗಿಲ್ಲ’ ಅನ್ನುವ ವಾದವೂ ನಡೆಯುವುದಿಲ್ಲ. 2014ರ ಅಬ್ರಾಮ್‌ಸ್ಕಿ ತೀರ್ಪು ಇದನ್ನೇ ಹೇಳಿತು. ಮಾಜಿ ಪೊಲೀಸ್ ಒಬ್ಬ ತನ್ನ ಚಿಕ್ಕಪ್ಪನಿಗಾಗಿ ಪಿಸ್ತೂಲು ಕೊಂಡು, ನಮೂನೆಯಲ್ಲಿ ‘ನನಗೇ’ ಅಂತ ಬರೆದ. ಇಬ್ಬರಿಗೂ ಬಂದೂಕು ಕೊಳ್ಳುವ ಹಕ್ಕಿತ್ತು. ಆದರೂ ಆ ಸುಳ್ಳು ಅಪರಾಧವೇ ಅಂತ ಸುಪ್ರೀಂ ಕೋರ್ಟ್ 5–4ರಲ್ಲಿ ತೀರ್ಮಾನಿಸಿತು. ಟೆಕ್ಸಾಸ್ ಲೈಸೆನ್ಸ್ ಕಾನೂನಿನಲ್ಲಿ ಇದು ಇನ್ನೂ ನೇರ. ಅರ್ಜಿಯಲ್ಲಿ ಮುಖ್ಯ ವಿಷಯವನ್ನು ತಪ್ಪಾಗಿ ಹೇಳುವುದು ಅಥವಾ ಮುಚ್ಚಿಡುವುದೇ ಅನರ್ಹತೆಯ ಪಟ್ಟಿಯಲ್ಲಿ ಒಂದು. ಸಿಕ್ಕಿದ ಲೈಸೆನ್ಸನ್ನು ಆಮೇಲೆ ರದ್ದು ಮಾಡಲೂ ಅದೇ ಕಾರಣ ಸಾಕು. ಸಣ್ಣ ಅಪರಾಧಕ್ಕೆ ‘5 ವರ್ಷ’ ಅಂತ ಮಿತಿ ಬರೆದ ಕಾನೂನು, ಈ ಸಾಲಿನ ಪಕ್ಕ ಯಾವ ವರ್ಷದ ಲೆಕ್ಕವನ್ನೂ ಬರೆದಿಲ್ಲ.

ಇದರ ಎದುರಿಗೆ 2021ರ ಬದಲಾವಣೆಯನ್ನು ಇಟ್ಟು ನೋಡಿದರೆ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಎರಡು ವರ್ಷದ ಹಿಂದೆ ಕುಡಿದು ಗಾಡಿ ಓಡಿಸಿ ಶಿಕ್ಷೆಯಾದವನಿಗೆ ಲೈಸೆನ್ಸ್ ಸಿಗುವುದಿಲ್ಲ. ಆದರೆ ಲೈಸೆನ್ಸ್ ಇಲ್ಲದೆ ಒಯ್ಯಲು ಅಡ್ಡಿಯಾಗುವ ಸಣ್ಣ ಅಪರಾಧಗಳ ಪಟ್ಟಿ ಬಹಳ ಗಿಡ್ಡ. ಗಾಯ ಮಾಡಿದ ಹಲ್ಲೆ, ಬೆದರಿಕೆ, ಬಂದೂಕು ತೋರಿಸಿ ಗಲಾಟೆ ಮಾಡುವಂಥವು ಅದರಲ್ಲಿವೆ. ಕುಡಿದು ಗಾಡಿ ಓಡಿಸಿದ್ದು ಅದರಲ್ಲಿಲ್ಲ. ಹಾಗಾಗಿ ಅವನು ಯಾರಿಗೂ ಏನೂ ಹೇಳದೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು. ತಾನಾಗಿ ಬಂದು, ತರಗತಿಯಲ್ಲಿ ಕೂತು, ಬೆರಳು ಕೊಟ್ಟು, ಹಳೆಯದನ್ನೆಲ್ಲ ಬರೆದುಕೊಡುವವನಿಗೇ ಎಲ್ಲ ಪ್ರಶ್ನೆ. ಪ್ರಾಮಾಣಿಕತೆಗೆ ಕಾನೂನು ಕೊಡಬೇಕಾದ ಮರ್ಯಾದೆ ಇದಲ್ಲ.

ಅಲ್ಲಿರುವ ನಮ್ಮವರಿಗೆ ಇನ್ನೊಂದು ಪದರ ಇದೆ. ಮೊದಲು ವೀಸಾ. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತಡೆ ಇಲ್ಲ. ಎರಡನೆಯದು ಮನೆ ಜಗಳ. ಹೆಂಡತಿ ಅಥವಾ ಗಂಡನ ಮೇಲೆ ಕೈ ಮಾಡಿದ ಸಣ್ಣ ಕೇಸಿನಲ್ಲಿ ಶಿಕ್ಷೆ ಆದರೂ 1996ರ ಫೆಡರಲ್ ಕಾನೂನು ಬಂದೂಕನ್ನು ಕಿತ್ತುಕೊಳ್ಳುತ್ತದೆ, ಅದಕ್ಕೆ 5 ವರ್ಷದ ರಿಯಾಯಿತಿ ಇಲ್ಲ. ಮನೆಯವರನ್ನು ಕಾಪಾಡಲು ಕೋರ್ಟ್ ಯಾರ ವಿರುದ್ಧ ರಕ್ಷಣಾ ಆದೇಶ ಕೊಟ್ಟಿದೆಯೋ ಅವರಿಗೂ ತಡೆ. ಟೆಕ್ಸಾಸ್‌ನದೇ ಆದ ರಹೀಮಿ ಪ್ರಕರಣದಲ್ಲಿ 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 8–1ರಲ್ಲಿ ಅದನ್ನು ಎತ್ತಿಹಿಡಿಯಿತು.

ಮೂರನೆಯದು ಊರಿನ ಕೇಸು. ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ 498ಎ ಅಡಿ ದೂರು ಇರಬಹುದು, ಕಾಲೇಜು ದಿನಗಳ ಮುಷ್ಕರದ ಬಂಧನ ಇರಬಹುದು. ಸ್ಮಾಲ್ ಎಂಬಾತನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಫೆಡರಲ್ ಬಂದೂಕು ನಿಷೇಧಕ್ಕೆ ವಿದೇಶಿ ಕೋರ್ಟಿನ ಶಿಕ್ಷೆ ಲೆಕ್ಕಕ್ಕೆ ಬರುವುದಿಲ್ಲ. ಆ ಕೇಸಿನಲ್ಲಿ ಶಿಕ್ಷೆ ಆಗಿದ್ದು ಜಪಾನಿನಲ್ಲಿ. ಆದರೆ ‘ಲೆಕ್ಕಕ್ಕೆ ಬರುವುದಿಲ್ಲ’ ಅಂದರೆ ‘ಹೇಳಬೇಕಾಗಿಲ್ಲ’ ಅಂತ ಅಲ್ಲ. ಬಂಧನದ ಪ್ರಶ್ನೆ ‘ಅಮೆರಿಕದಲ್ಲಿ ಮಾತ್ರ’ ಅಂತ ಹೇಳದಿದ್ದರೆ ಬರೆಯುವುದೇ ಸರಿ ಅಂತ ನನ್ನ ಅಭಿಪ್ರಾಯ. ಇದಕ್ಕೆ ಕಾರಣ ಪೌರತ್ವದ ಅರ್ಜಿ. ಜಗತ್ತಿನ ಯಾವ ಮೂಲೆಯಲ್ಲಿ ಬಂಧನ ಆಗಿದ್ದರೂ, ದಾಖಲೆ ಮುಚ್ಚಿದ್ದರೂ ಅಳಿಸಿದ್ದರೂ ಹೇಳಿ ಅಂತ ಅದು ಕೇಳುತ್ತದೆ. ಟೆಕ್ಸಾಸ್‌ನಲ್ಲಿ ಅಳಿಸಿದ ಬಂಧನವನ್ನು ‘ಆಗೇ ಇಲ್ಲ’ ಅನ್ನಲು ಹಕ್ಕಿದೆ ಅಂದೆನಲ್ಲ, ವಲಸೆ ಇಲಾಖೆಯ ಮುಂದೆ ಆ ಹಕ್ಕು ನಡೆಯುವುದಿಲ್ಲ. ತಪ್ಪೊಪ್ಪಿಕೊಂಡು ಪಡೆದ ಡಿಫರ್ಡ್ ಕೂಡ ವಲಸೆ ಕಾನೂನಿನಲ್ಲಿ ಸಾಮಾನ್ಯವಾಗಿ ಶಿಕ್ಷೆಯೇ. ಒಂದು ಸರ್ಕಾರಕ್ಕೆ ಒಂದು ಉತ್ತರ, ಇನ್ನೊಂದಕ್ಕೆ ಮತ್ತೊಂದು ಉತ್ತರ ಕೊಟ್ಟು ಸಿಕ್ಕಿಬಿದ್ದರೆ ಹೋಗುವುದು ಪಿಸ್ತೂಲು ಮಾತ್ರ ಅಲ್ಲ.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಬೇರೆ ಏನಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಮಿನಲ್ಲಿ, ಮುಖ್ಯ ಮಾಹಿತಿ ಮುಚ್ಚಿಟ್ಟು ಪಡೆದ ಲೈಸೆನ್ಸನ್ನು ರದ್ದು ಮಾಡಬಹುದು ಅಂತಿದೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ. ಆ ಅಭ್ಯಾಸದಲ್ಲಿ ಬೆಳೆದವರಿಗೆ ಟೆಕ್ಸಾಸ್‌ನ ಇಷ್ಟುದ್ದದ ಪ್ರಶ್ನೆ ಹೊಸದು ಅನಿಸಬಹುದು.

ಇನ್ನು ಕೆಲಸದ ಮಾತು. ಅರ್ಜಿ ತುಂಬುವ ಮೊದಲು ಕಾಗದ ತರಿಸಿಕೊಳ್ಳಿ. ಎ, ಬಿ ದರ್ಜೆಯ ಕೇಸಿಗೆ ಕೌಂಟಿ ಕ್ಲರ್ಕ್ ಕಚೇರಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು). ಫೆಲನಿಗೆ ಡಿಸ್ಟ್ರಿಕ್ಟ್ ಕ್ಲರ್ಕ್. ಸಿ ದರ್ಜೆಗೆ ನಗರದ ಕೋರ್ಟ್ ಅಥವಾ ಸಣ್ಣ ಕೇಸುಗಳ ಜಸ್ಟಿಸ್ ಕೋರ್ಟ್. ‘ಈ ಕೇಸಿನ ಅಂತಿಮ ಆದೇಶದ ದೃಢೀಕೃತ ಪ್ರತಿ ಬೇಕು’ ಅಂತ ಕೇಳಿ. ಅದರಲ್ಲಿ ಅಪರಾಧದ ಹೆಸರು, ದರ್ಜೆ, ತಾರೀಖು, ಕೊನೆಗೆ ಏನಾಯಿತು ಎಲ್ಲ ಇರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿರುವ ಪದಗಳನ್ನೇ ಬರೆಯಿರಿ. ಬರೆಯುವಾಗ ಕಥೆ ಬೇಡ, ಸಮರ್ಥನೆಯೂ ಬೇಡ. ಹಳೆಯ ಕೇಸಾಗಿ ಕೋರ್ಟಿನಲ್ಲಿ ಕಡತ ಸಿಗದಿದ್ದರೆ, ಸಿಗಲಿಲ್ಲ ಅನ್ನುವುದನ್ನೇ ಅದೇ ಕಚೇರಿಯಿಂದ ಬರೆಸಿಕೊಳ್ಳಿ. ಡಿಪಿಎಸ್ ನಿರಾಕರಿಸಿದರೆ 30 ದಿನದೊಳಗೆ ವಿಚಾರಣೆ ಕೇಳಬಹುದು. ಅದು ನಡೆಯುವುದು ನೀವಿರುವ ಕೌಂಟಿಯ ಜಸ್ಟಿಸ್ ಕೋರ್ಟಿನಲ್ಲೇ. ದಾಖಲೆಯಲ್ಲಿನ ತಪ್ಪಿನಿಂದ ನಿರಾಕರಣೆ ಆಗಿದ್ದರೆ ಅಲ್ಲಿ ಆ ದೃಢೀಕೃತ ಪ್ರತಿಯೇ ನಿಮ್ಮ ಪರ ಮಾತಾಡುತ್ತದೆ. ಬೇಕೆಂದು ಮುಚ್ಚಿಟ್ಟು ನಿರಾಕರಣೆ ಆಗಿದ್ದರೆ ಯಾವ ಕಾಗದವೂ ಸಹಾಯಕ್ಕೆ ಬರುವುದಿಲ್ಲ.

ಊಟದ ಮೇಜಿನ ಆ ಮನುಷ್ಯ ಆ ರಾತ್ರಿ ಅರ್ಜಿಯನ್ನು ಅಷ್ಟಕ್ಕೇ ಉಳಿಸಿ ಲ್ಯಾಪ್‌ಟಾಪ್ ಮುಚ್ಚುವುದು ಒಳ್ಳೆಯದು. ಬೆಳಗ್ಗೆ ಎದ್ದು ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಲಿ. ಹೊರಡುವ ಮೊದಲು ಹೆಂಡತಿಗೂ ವಿಷಯ ಹೇಳಲಿ. ಮುದ್ರೆ ಬಿದ್ದ ಪ್ರತಿ ಎರಡು ತರಲಿ. ಒಂದು ಈ ಅರ್ಜಿಗೆ. ಇನ್ನೊಂದು ಪಾಸ್‌ಪೋರ್ಟ್, ಮಕ್ಕಳ ಜನನ ಪ್ರಮಾಣಪತ್ರ ಇರುವ ಕಡತಕ್ಕೆ. ಮೊದಲ ಲೈಸೆನ್ಸ್ ನಾಲ್ಕು ವರ್ಷಕ್ಕೆ, ನವೀಕರಿಸಿದ್ದು ಐದು ವರ್ಷಕ್ಕೆ ಮುಗಿಯುತ್ತದೆ. ಆ ಪ್ರಶ್ನೆ ಮತ್ತೆ ಬರುತ್ತದೆ.